ಪೆಟ್ಟಿಗೆ ಬಂತು, ಅರ್ಥಿಂಗ್ ಬರಲಿಲ್ಲ

“ಹಳ್ಳಿಗೆ ಇಷ್ಟ ಸಾಕ್ರೀ ಸರ್.”

ಕಳೆದ ಬೇಸಿಗೆಯಲ್ಲಿ ಈ ಮಾತನ್ನು ನಾವು ಮೂವರ ಬಾಯಲ್ಲಿ ಕೇಳಿದೆವು. ಮೊದಲು ಹೇಳಿದವನು ಪಂಚಾಯ್ತಿಯಲ್ಲಿ ಇಂಟರ್ನೆಟ್ ಪೆಟ್ಟಿಗೆ ಕೂಡಿಸಲು ಬಂದಿದ್ದ ಹುಡುಗ. ಎರಡನೆಯವರು ಅವನನ್ನು ಕಳಿಸಿದ್ದ ಉಪಗುತ್ತಿಗೆದಾರರು, ಫೋನಿನಲ್ಲಿ. ಮೂರನೆಯವರು ಅದೇ ಪಂಚಾಯ್ತಿಯ ಒಬ್ಬ ಸದಸ್ಯರು. ಮೊದಲಿಬ್ಬರ ಮಾತಿಗೆ ನಮಗೆ ಸಿಟ್ಟು ಬಂತು. ಮೂರನೆಯವರ ಮಾತಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ನಾವು ಹುಬ್ಬಳ್ಳಿ-ಧಾರವಾಡದ ಸುತ್ತ ಬೈಕಿನ ಮೇಲೆ ಸುದ್ದಿ ಹುಡುಕಿಕೊಂಡು ತಿರುಗುವವರು. ಅವತ್ತು ಹೋಗಿದ್ದು ನರೇಗಾ ಕೂಲಿ ಬಾಕಿಯ ವಿಷಯಕ್ಕೆ. ಎರೆ ಭಾಗದ ಒಂದು ಊರು. ಪಂಚಾಯ್ತಿ ಕಟ್ಟಡದ ಹಿಂದೆ ತಗಡಿನ ಮಾಡಿನ ಒಂದು ಕೋಣೆ, ಅದರೊಳಗೆ ಹಳೆಯ ಮತದಾನದ ಟೇಬಲ್ಲು, ಸುಣ್ಣದ ಡಬ್ಬಿ, ಮುರಿದ ಕುರ್ಚಿ, ಅವುಗಳ ನಡುವೆ ಹೊಸ ಕಬ್ಬಿಣದ ರ್‍ಯಾಕು. ಹುಡುಗ ಹವಾಯಿ ಚಪ್ಪಲಿ ಹಾಕಿಕೊಂಡು ಬ್ಯಾಟರಿ ಜೋಡಿಸುತ್ತಿದ್ದ. ರ್‍ಯಾಕನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರಲಿಲ್ಲ. ಒಂದು ಬದಿಗೆ ಅಲುಗಾಡದಿರಲಿ ಅಂತ ಹಂಚಿನ ಚೂರು ಇಟ್ಟಿದ್ದ. ಹಸಿರು ತಂತಿಯೊಂದು ರ್‍ಯಾಕಿನಿಂದ ಹೊರಟು ಕಿಟಕಿಯ ತನಕ ಬಂದು, ಅಲ್ಲಿಯ ಸರಳಿಗೆ ಎರಡು ಸುತ್ತು ಸುತ್ತಿಕೊಂಡು ನಿಂತುಬಿಟ್ಟಿತ್ತು.

“ಅರ್ಥಿಂಗ್ ಎಲ್ಲೈತಿ ತಮ್ಮಾ?”

“ಇದ ರೀ. ಆಮ್ಯಾಲೆ ಗುಂಡಿ ತೋಡೋರು ಬೇರೆ ಬರ್ತಾರ.”

ಗುಂಡಿ ತೋಡುವವರು ಬರುವ ಮೊದಲು ಮಳೆ ಬಂತು. ಆ ಕಥೆಗೆ ಆಮೇಲೆ ಬರುತ್ತೇವೆ.

ಈ ಹುಡುಗನ ಮೇಲೆ ನಮಗೆ ತಕರಾರಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬೇರೆ ಜಿಲ್ಲೆಯವನು, ಐಟಿಐ ಓದಿದವನು. ಸಂಬಳ ಇಲ್ಲ, ಒಂದು ಸೈಟಿಗೆ ಇಷ್ಟು ಅಂತ ಲೆಕ್ಕ. ದಿನಕ್ಕೆ ಮೂರು ಸೈಟ್ ಮುಗಿಸದಿದ್ದರೆ ಪೆಟ್ರೋಲಿನ ಹಣವೂ ಗಿಟ್ಟುವುದಿಲ್ಲ ಎಂದ. ಅವನ ಬಲಗೈ ಉಂಗುರ ಬೆರಳಿನ ಸುತ್ತ ಒಂದು ಗುರುತು ಇತ್ತು. ಬಳೆಯ ಹಾಗೆ ದುಂಡಗೆ, ಬೆಳ್ಳಗೆ ಸುಟ್ಟ ಗುರುತು. ಇದೇನು ಅಂತ ಕೇಳಿದರೆ ನಕ್ಕ. “ಮೊದಲ ಉಂಗುರ ಇತ್ತ್ರೀ. ಬ್ಯಾಟರಿಗೆ ಪಾನಾ ತಾಗೇತಿ, ಪಾನಾಕ್ಕ ಉಂಗುರ ತಾಗೇತಿ.”

ಈ ಬ್ಯಾಟರಿ 48 ವೋಲ್ಟಿನದು. ಟೆಲಿಫೋನಿನ ಯಂತ್ರಗಳೆಲ್ಲ ಹಳೆಯ ಕಾಲದಿಂದಲೂ ಇದೇ 48 ವೋಲ್ಟಿನ ಮೇಲೆ ನಡೆಯುತ್ತವೆ. ದೊಡ್ಡ ಎಕ್ಸ್‌ಚೇಂಜಿನಲ್ಲಿ 2 ವೋಲ್ಟಿನ 24 ಸೆಲ್ ಸಾಲಾಗಿ ಜೋಡಿಸಿರುತ್ತಾರೆ. 48 ವೋಲ್ಟ್ ಅಂದರೆ ಜನ ಹೆದರುವುದಿಲ್ಲ, ಮನೆಯ 230 ವೋಲ್ಟಿನ ಹಾಗೆ ಅದು ಹೊಡೆದು ಬೀಳಿಸುವುದಿಲ್ಲ. ಹೆದರದಿರುವುದೇ ಇಲ್ಲಿಯ ಅಪಾಯ. ಬ್ಯಾಟರಿಯ ಎರಡು ತುದಿಗೆ ಕಬ್ಬಿಣ ತಾಗಿದರೆ ನೂರಾರು ಆಂಪಿಯರ್ ಕರೆಂಟ್ ಒಂದೇ ಕ್ಷಣದಲ್ಲಿ ಹರಿಯುತ್ತದೆ. ಪಾನಾ ಕೆಂಪಗೆ ಕಾಯುತ್ತದೆ, ಉಂಗುರ ಬೆರಳಿನ ಮೇಲೆಯೇ ಕಾದು ಕುಳಿತುಬಿಡುತ್ತದೆ. ಅದಕ್ಕೇ ಈ ಕೆಲಸಕ್ಕೆ ಕೈ ಹಾಕುವ ಮೊದಲು ಉಂಗುರ, ವಾಚು, ಕೊರಳ ಸರ, ಕೈಯ ಕಡಗ ಎಲ್ಲ ತೆಗೆಯಬೇಕು, ಪಾನಾದ ಹಿಡಿಕೆಗೆ ರಬ್ಬರ್ ಸುತ್ತಿರಬೇಕು. ಯಂತ್ರ ತಯಾರಿಸುವ ಪ್ರತಿ ಕಂಪನಿಯ ಕೈಪಿಡಿಯ ಮೊದಲ ಪುಟಗಳಲ್ಲಿ ಇಂಥ ಮಾತು ಇರುತ್ತದೆ. ನಾವು ನೋಡಿದ ಕೋಣೆಯಲ್ಲೂ ಕೈಪಿಡಿ ಇತ್ತು. ಇಂಗ್ಲಿಷಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಒಡೆಯದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ದೂರವೇನಲ್ಲ, ಧಾರವಾಡದಿಂದ ಬೆಳಗಾವಿ ಹೆದ್ದಾರಿ ಹಿಡಿದರೆ ಮೂವತ್ತು ಕಿಲೋಮೀಟರ್ ಆಸುಪಾಸು. ಚೆನ್ನಮ್ಮನ ಕಿತ್ತೂರು.

ಕಿತ್ತೂರು ಅಂದರೆ ನಮಗೆಲ್ಲ 1824 ನೆನಪಾಗುತ್ತದೆ. 1986 ಯಾರಿಗೂ ನೆನಪಾಗುವುದಿಲ್ಲ. ಆ ವರ್ಷದ ಜುಲೈ ತಿಂಗಳಲ್ಲಿ, ದೇಶದಲ್ಲೇ ವಿನ್ಯಾಸಗೊಂಡ ಮೊದಲ ಗ್ರಾಮೀಣ ಸ್ವಯಂಚಾಲಿತ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಶುರುವಾದದ್ದು ಕಿತ್ತೂರಿನಲ್ಲಿ. ಇಂಗ್ಲಿಷಿನ ಮೂರು ಅಕ್ಷರ ಸೇರಿಸಿ ಅದಕ್ಕೆ ರ್‍ಯಾಕ್ಸ್ ಅನ್ನುತ್ತಿದ್ದರು. 128 ಪೋರ್ಟಿನ ಯಂತ್ರ, ಸಣ್ಣ ಫ್ರಿಜ್ಜಿನಷ್ಟು ಗಾತ್ರ. ತಯಾರಿಸಿದ್ದು 1984ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ. ಅದರ ಹಿಂದೆ ಇದ್ದವರು ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ವಾಪಸು ಬಂದ ಸ್ಯಾಮ್ ಪಿತ್ರೋಡಾ. ಸರ್ಕಾರ ಕೊಟ್ಟದ್ದು 36 ತಿಂಗಳು, 36 ಕೋಟಿ ರೂಪಾಯಿ.

ಅದಕ್ಕೆ ಮೊದಲು ಹಳ್ಳಿಯಿಂದ ಹುಬ್ಬಳ್ಳಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಕಟ್ಟೆ ಮೇಲೆ ಕಾಯುತ್ತ ಕೂಡಬೇಕಿತ್ತು. ಸತ್ತ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿರುತ್ತಿತ್ತು. ನಮ್ಮ ಮನೆಗಳ ಹಿರಿಯರು ಈಗಲೂ ಫೋನಿನಲ್ಲಿ ಕೂಗಿ ಮಾತಾಡುವುದು ಆ ಕಾಲದ ಅಭ್ಯಾಸ.

ಆದರೆ ಕಿತ್ತೂರಿನ ಪೆಟ್ಟಿಗೆಯ ಬಗ್ಗೆ ನಾವು ಹೇಳಬೇಕೆಂದಿರುವುದು ಬೇರೆ. ಹೊರದೇಶದ ಎಕ್ಸ್‌ಚೇಂಜುಗಳಿಗೆ ಆಗ ಏಸಿ ಕೋಣೆ ಬೇಕಿತ್ತು, ದಿನವಿಡೀ ಕರೆಂಟ್ ಬೇಕಿತ್ತು, ಧೂಳು ಸೋಕಬಾರದಿತ್ತು. ನಮ್ಮ ಹಳ್ಳಿಯಲ್ಲಿ ಏಸಿ ಎಲ್ಲಿ, ಕರೆಂಟ್ ಎಲ್ಲಿ? ಧೂಳು ಮಾತ್ರ ಬೇಕಾದಷ್ಟು. ಆಗಿನ ಎಂಜಿನಿಯರುಗಳು “ಹಳ್ಳಿಗೆ ಇದು ಆಗುವುದಿಲ್ಲ” ಅನ್ನಲಿಲ್ಲ, “ಹಳ್ಳಿಗೆ ಇಷ್ಟು ಸಾಕು” ಅಂತಲೂ ಅನ್ನಲಿಲ್ಲ. ಕೂತು ನಮ್ಮ ಧೂಳಿನ ಬಗ್ಗೆ, ನಮ್ಮ ಸೆಕೆಯ ಬಗ್ಗೆ, ನಮ್ಮ ಕರೆಂಟಿನ ಬಗ್ಗೆ ಯೋಚಿಸಿದರು. ಬಿಸಿಗಾಳಿ ತಾನಾಗಿಯೇ ಮೇಲೆ ಹೋಗುವ ಹಾಗೆ ಪೆಟ್ಟಿಗೆ ಕಟ್ಟಿದರು. ಒಳಗೆಲ್ಲ ಬಿಡಿಬಿಡಿ ಕಾರ್ಡುಗಳು. ಒಂದು ಕೆಟ್ಟರೆ ಅದನ್ನಷ್ಟೇ ಎಳೆದು ಬೇರೆಯದನ್ನು ತಳ್ಳಿದರೆ ಆಯಿತು, ಇಡೀ ಯಂತ್ರ ಬಿಚ್ಚಬೇಕಿಲ್ಲ. ಹಳ್ಳಿಯನ್ನೇ ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಯಂತ್ರ ಅದು.

ನಲವತ್ತು ವರ್ಷ ಆಗುತ್ತ ಬಂತು. ಯಂತ್ರಗಳು ಸಾವಿರ ಪಟ್ಟು ಜಾಣವಾಗಿವೆ. ಅವನ್ನು ಕೂಡಿಸುವ ರೀತಿ ಹಿಂದಕ್ಕೆ ಹೋಗಿದೆ.

ಈಗಿನ ಯೋಜನೆಯ ಹೆಸರು ಭಾರತ್‌ನೆಟ್. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ ಬೇರೆ ಹೆಸರಿತ್ತು. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಗಾಜಿನ ಎಳೆಯ ಕೇಬಲ್ ಎಳೆಯುವುದು ಗುರಿ. ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಒಂದು ದೊಡ್ಡ ಯಂತ್ರ, ಅದರ ಗೂಡುಗಳಲ್ಲಿ ಕಾರ್ಡುಗಳು. ಅಲ್ಲಿಂದ ಎಳೆ ಹೊರಟು ಕವಲೊಡೆದು ಪಂಚಾಯ್ತಿಗಳಿಗೆ ಬರುತ್ತದೆ, ಪಂಚಾಯ್ತಿಯಲ್ಲಿ ಸಣ್ಣ ಪೆಟ್ಟಿಗೆ. 2023ರ ಆಗಸ್ಟ್‌ನಲ್ಲಿ ಇದರ ತಿದ್ದುಪಡಿಯಾದ ಯೋಜನೆಗೆ 1,39,579 ಕೋಟಿ ರೂಪಾಯಿ ಒಪ್ಪಿಗೆಯಾಯಿತು. ಅದರ ಪ್ರಕಾರ ಪಂಚಾಯ್ತಿಗಳನ್ನು ಉಂಗುರದ ಹಾಗೆ ಸುತ್ತಿ ಜೋಡಿಸಬೇಕು. ಒಂದು ಕಡೆ ತಂತಿ ಹರಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಅದಕ್ಕೆ ಪಂಚಾಯ್ತಿಗಳಿಗೂ ದೊಡ್ಡ ರೂಟರ್ ಬರುತ್ತದೆ. ಅಂದರೆ ಹೊಸ ಪೆಟ್ಟಿಗೆ, ಹೊಸ ಬ್ಯಾಟರಿ, ಹೊಸ ಉಪಗುತ್ತಿಗೆ, ಮತ್ತೆ ಹವಾಯಿ ಚಪ್ಪಲಿಯ ಹುಡುಗರು.

ಅದಕ್ಕೇ ಈಗಲೇ ಬರೆಯುತ್ತಿದ್ದೇವೆ.

ಅರ್ಥಿಂಗ್ ಅಂದರೇನು ಅಂತ ಊರಿನಲ್ಲಿ ಬೋರ್‌ವೆಲ್ ಮೋಟರು ಇಟ್ಟವರಿಗೆಲ್ಲ ಗೊತ್ತು. ತಪ್ಪಿ ಹರಿದ ಕರೆಂಟು ಮನುಷ್ಯನ ಮೈಯೊಳಗೆ ಹಾಯದೆ ನೆಲಕ್ಕಿಳಿಯಲು ಒಂದು ದಾರಿ. ಟೆಲಿಕಾಂ ಯಂತ್ರಕ್ಕೆ ಅದು ಇನ್ನೂ ಮುಖ್ಯ. ಯಂತ್ರ ಕೂಡಿಸುವಾಗ ಎಲ್ಲಕ್ಕಿಂತ ಮೊದಲು ಜೋಡಿಸುವ ತಂತಿ ಅರ್ಥಿಂಗ್‌ನದು, ಬಿಚ್ಚುವಾಗ ಎಲ್ಲಕ್ಕಿಂತ ಕೊನೆಗೆ ಬಿಚ್ಚುವುದೂ ಅದೇ. ಈ ನಿಯಮ ಜಗತ್ತಿನ ಎಲ್ಲ ಕಡೆ ಒಂದೇ. ನಮ್ಮ ದೇಶದಲ್ಲಿ ಅರ್ಥಿಂಗ್ ಹೇಗಿರಬೇಕು ಎನ್ನುವುದಕ್ಕೆ ಐಎಸ್ 3043 ಎಂಬ ಪ್ರತ್ಯೇಕ ಮಾನದಂಡವೇ ಇದೆ. “ಆಮೇಲೆ ಗುಂಡಿ ತೋಡುವವರು ಬರುತ್ತಾರೆ” ಎನ್ನುವುದು ಮದುವೆ ಮಾಡಿ ಆಮೇಲೆ ವರನನ್ನು ಹುಡುಕಿದ ಹಾಗೆ.

ನಮ್ಮ ಎರೆಮಣ್ಣಿಗೆ ಇನ್ನೊಂದು ಸ್ವಭಾವ ಇದೆ, ಅದನ್ನು ಯಾವ ಕಂಪನಿಯ ಕೈಪಿಡಿಯೂ ಬರೆಯುವುದಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯವರಿಗೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಎರೆ ಉಬ್ಬಿ ಒದ್ದೆಯಾಗಿ ಕರೆಂಟನ್ನು ಚೆನ್ನಾಗಿ ಹೀರುತ್ತದೆ. ಆಗ ಅಳೆದರೆ ಅರ್ಥಿಂಗ್ ಬಹಳ ಚೆಂದ ಕಾಣುತ್ತದೆ. ಬೇಸಿಗೆಯಲ್ಲಿ ಅದೇ ಎರೆ ಬಿರಿಯುತ್ತದೆ, ಕೈ ತೂರುವಷ್ಟು ಬಾಯಿ ಬಿಡುತ್ತದೆ. ನೆಟ್ಟ ಕಬ್ಬಿಣದ ಸಲಾಕಿಯ ಸುತ್ತ ಮಣ್ಣು ಸರಿದು ಖಾಲಿ ಜಾಗ ಆಗುತ್ತದೆ. ಸಲಾಕಿ ನೆಲದಲ್ಲಿ ಇರುತ್ತದೆ, ನೆಲ ಸಲಾಕಿಗೆ ತಾಗಿರುವುದಿಲ್ಲ. ಮೊದಲ ಗುಡುಗು ಬರುವುದು ಸರಿಯಾಗಿ ಆ ಹೊತ್ತಿಗೆ, ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ. ಆದ್ದರಿಂದ ಎರೆಯಲ್ಲಿ ಅರ್ಥಿಂಗ್ ಅಳೆಯಬೇಕಾದದ್ದು ಯುಗಾದಿಯ ನಂತರ, ಗಣಪತಿ ಹಬ್ಬಕ್ಕಲ್ಲ. ಗುಂಡಿಗೆ ಬೇಸಿಗೆಯುದ್ದಕ್ಕೂ ವಾರಕ್ಕೆರಡು ಕೊಡ ನೀರು ಹಾಕುವ ಕೆಲಸವನ್ನು ಯಾರಿಗಾದರೂ ಹೆಸರು ಹಿಡಿದು ವಹಿಸಬೇಕು. ಕಲಘಟಗಿ, ಅಳ್ನಾವರ ಕಡೆಯ ಕೆಂಪು ನೆಲದ ಲೆಕ್ಕ ಬೇರೆ. ಅಲ್ಲಿ ಬಿರುಕಿನ ಕಾಟ ಕಡಿಮೆ, ಕಲ್ಲಿನ ಕಾಟ ಹೆಚ್ಚು. ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ನೆಲ ಇರುವಾಗ ಎಲ್ಲ ಕಡೆಗೂ ಒಂದೇ ಉದ್ದದ ಸಲಾಕಿ ಕಳಿಸಿದರೆ ಹೇಗೆ?

ಇನ್ನೊಂದು ಸಣ್ಣ ವಿಷಯ, ಆದರೆ ಊರಿನ ಎಲೆಕ್ಟ್ರಿಷಿಯನ್ನರು ಗಮನಿಸಬೇಕು. ನಮ್ಮ ಟ್ರ್ಯಾಕ್ಟರ್, ಬೈಕುಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಚಾಸಿಗೆ ಜೋಡಿಸಿರುತ್ತಾರೆ. ಟೆಲಿಕಾಂನಲ್ಲಿ ಉಲ್ಟಾ. ಇಲ್ಲಿ ಪ್ಲಸ್ ನೆಲಕ್ಕೆ ಹೋಗುತ್ತದೆ. ನೆಲದೊಳಗಿನ ತಾಮ್ರದ ಕೇಬಲ್ ತುಕ್ಕು ತಿಂದು ಸವೆಯಬಾರದು ಎಂದು ಹಿಂದಿನವರು ಮಾಡಿಟ್ಟ ಏರ್ಪಾಡು ಅದು, ಇವತ್ತಿಗೂ ನಡೆದು ಬಂದಿದೆ. ಟ್ರ್ಯಾಕ್ಟರ್ ರಿಪೇರಿ ಮಾಡಿದ ಕೈ ಅಭ್ಯಾಸಬಲದಿಂದ ತಿರುಗಿಸಿ ಜೋಡಿಸಿದರೆ ಪೆಟ್ಟಿಗೆಯ ಕಥೆ ಅಲ್ಲಿಗೆ ಮುಗಿದಂತೆ. ಊರವರನ್ನೇ ಅಗ್ಗದ ಕೂಲಿಗೆ ಕರೆದು ಕೆಲಸ ಒಪ್ಪಿಸುವಾಗ ಇಷ್ಟನ್ನಾದರೂ ಹೇಳಿಕೊಡಬೇಡವೇ?

ಈಗ ಕಾರ್ಡಿನ ವಿಷಯ. ಇದು ಕಣ್ಣಿಗೆ ಕಾಣದ ಅನಾಹುತ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಚಳಿಗಾಲದ ಕೊನೆಗೆ, ಗಾಳಿ ಒಣಗಿರುವಾಗ ಟೆರಿಕಾಟ್ ಅಂಗಿ ಬಿಚ್ಚಿದರೆ ಚಟಚಟ ಸದ್ದಾಗುತ್ತದೆ, ಕತ್ತಲಲ್ಲಿ ಕಿಡಿಯೂ ಕಾಣುತ್ತದೆ. ಮೈಯ ಮೇಲೆ ಕೂಡಿಕೊಂಡ ಸ್ಥಾಯಿ ವಿದ್ಯುತ್ತು ಅದು. ಆ ಕಿಡಿ ನಮ್ಮ ಚರ್ಮಕ್ಕೆ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಆದರೂ ಇರಬೇಕು. ಕಾರ್ಡಿನ ಮೇಲಿರುವ ಕೆಲವು ಚಿಪ್ಪುಗಳು ಸಾಯಲು 100 ವೋಲ್ಟೂ ಬೇಡ. ಅಂದರೆ ಕೂಡಿಸುವ ಹುಡುಗನಿಗೆ ಏನೂ ಅನ್ನಿಸದಿರುವಾಗಲೇ ಕಾರ್ಡು ಪೆಟ್ಟು ತಿಂದಿರುತ್ತದೆ. ಪೆಟ್ಟು ತಿಂದ ಕಾರ್ಡು ಅವತ್ತೇ ಸಾಯುವುದೂ ಇಲ್ಲ. ಹಸಿರು ದೀಪ ಹತ್ತುತ್ತದೆ, ಫೋಟೊ ತೆಗೆದು ಕಳಿಸುತ್ತಾರೆ, ಬಿಲ್ ಪಾಸಾಗುತ್ತದೆ. ಮೂರು ತಿಂಗಳ ಮೇಲೆ ಒಂದು ದಿನ ಸುಮ್ಮನೆ ನಿಂತುಹೋಗುತ್ತದೆ. “ಕಂಪನಿ ಮಾಲು ಸರಿಯಿಲ್ಲ” ಅಂತ ಷರಾ ಬರೆಯುತ್ತಾರೆ.

ಇದಕ್ಕೆ ಔಷಧಿ ಅಗ್ಗದ್ದು. ಕೈಗೆ ಕಟ್ಟುವ ಒಂದು ಪಟ್ಟಿ, ಅದರಿಂದ ಒಂದು ತಂತಿ ರ್‍ಯಾಕಿನ ಲೋಹಕ್ಕೆ. ಮೈಮೇಲಿನ ವಿದ್ಯುತ್ತು ಅದರ ಮೂಲಕ ನೆಲಕ್ಕೆ ಇಳಿದುಹೋಗುತ್ತದೆ. ಪಟ್ಟಿಯೊಳಗೆ ಒಂದು ಮೆಗಾ ಓಮ್ ರೋಧಕ ಇಟ್ಟಿರುತ್ತಾರೆ, ಕಟ್ಟಿಕೊಂಡವನಿಗೆ ತಪ್ಪಿ ಕರೆಂಟ್ ತಾಗಿದರೂ ಅದು ಜೋರಾಗಿ ಹರಿಯದ ಹಾಗೆ. ಕಾರ್ಡನ್ನು ಅಂಚು ಹಿಡಿದು ಎತ್ತಬೇಕು, ಹಿಂದಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬಾರದು, ಬೆಳ್ಳಿ ಚೀಲದಿಂದ ತೆಗೆದ ಮೇಲೆ ಕುರ್ಚಿ ಮೇಲೆ ಇಡಬಾರದು. ಗೂಡಿಗೆ ತಳ್ಳುವಾಗ ಜಾಡು ಕೂಡದಿದ್ದರೆ ವಾಪಸು ಎಳೆದು ಮತ್ತೆ ಹೊಂದಿಸಬೇಕು. ಜಬರ್ದಸ್ತಿ ಒತ್ತಿದರೆ ಹಿಂದಿನ ಪಿನ್ನು ಬಾಗುತ್ತದೆ, ಆಗ ಕೆಡುವುದು ಕಾರ್ಡಲ್ಲ, ಇಡೀ ಯಂತ್ರ. ಖಾಲಿ ಉಳಿದ ಗೂಡಿಗೆ ಮುಚ್ಚಳ ಹಾಕಲೇಬೇಕು. ಹಾಕದಿದ್ದರೆ ಫ್ಯಾನಿನ ಗಾಳಿ ಕಾರ್ಡುಗಳ ಮೇಲೆ ಹಾಯದೆ ಅಲ್ಲಿಂದಲೇ ಸೋರಿಹೋಗುತ್ತದೆ, ಒಳಗೆ ಹಲ್ಲಿ ಸಂಸಾರ ಹೂಡುತ್ತದೆ. ಹಲ್ಲಿ ಅಂದರೆ ನಗಬೇಡಿ. ಪಟ್ಟಣದ ಒಂದು ಎಕ್ಸ್‌ಚೇಂಜಿನ ನಿವೃತ್ತ ನೌಕರರೊಬ್ಬರನ್ನು ನಿಮ್ಮ ದೊಡ್ಡ ವೈರಿ ಯಾರು ಅಂತ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಮಿಂಚಲ್ಲ, ಹಲ್ಲಿ.

ಕೈಪಟ್ಟಿಯ ವಿಷಯಕ್ಕೆ ಮರಳೋಣ. ನಮ್ಮ ಹುಡುಗನ ಚೀಲದಲ್ಲಿ ಆ ಪಟ್ಟಿ ಇತ್ತು! ಹೊಚ್ಚ ಹೊಸದು. ಯಾಕೆ ಕಟ್ಟಿಕೊಂಡಿಲ್ಲ ಅಂದರೆ, “ಎಲ್ಲಿಗೆ ಜೋಡಸ್ಲಿ ಸರ್, ಅರ್ಥಿಂಗ್ ಇಲ್ಲಲ್ಲ” ಅಂದ. ಅವನ ಮಾತು ಸರಿ. ಅರ್ಥಿಂಗ್ ಇಲ್ಲದ ಕಡೆ ಅದು ಬರೀ ಬಳೆ.

ತಾಲ್ಲೂಕಿನ ಯಂತ್ರದ ಒಂದು ಕಾರ್ಡು ಸತ್ತರೆ ಎಷ್ಟು ಊರು ಕತ್ತಲಾಗುತ್ತವೆ ಎಂಬುದನ್ನೂ ತಿಳಿಯಬೇಕು. ಒಂದು ಕಾರ್ಡಿಗೆ ಹಲವು ಪೋರ್ಟು, ಒಂದೊಂದು ಪೋರ್ಟಿನಿಂದ ಎಳೆ ಕವಲೊಡೆದು ಹಲವು ಪೆಟ್ಟಿಗೆ. ಹಾಗಾಗಿ ಒಬ್ಬನ ಬರಿಗೈ ತಾಗಿದ್ದಕ್ಕೆ ತಾಲ್ಲೂಕಿನ ಅರ್ಧ ಪಂಚಾಯ್ತಿಗಳು “ಸರ್ವರ್ ಡೌನ್” ಅಂತ ಚೀಟಿ ಅಂಟಿಸಬೇಕಾಗಬಹುದು. ಆ ಚೀಟಿ ನಿಮಗೆ ಗೊತ್ತೇ ಇದೆ. ಇ-ಸ್ವತ್ತು ಉತಾರಕ್ಕೆ ಹೋದವರು, ಬಾಪೂಜಿ ಸೇವಾ ಕೇಂದ್ರಕ್ಕೆ ಹೋದವರು ಅದನ್ನು ಓದಿ ವಾಪಸು ಬಂದಿದ್ದೀರಿ. ಡೌನ್ ಆಗಿದ್ದು ಬೆಂಗಳೂರಿನ ಸರ್ವರ್ ಅಂತ ನಾವೆಲ್ಲ ನಂಬಿರುತ್ತೇವೆ. ಎಷ್ಟೋ ಸಲ ಡೌನ್ ಆಗಿರುವುದು ಅದೇ ಗೋಡೆಯ ಹಿಂದಿನ ಕೋಣೆ.

ಆ ಊರಿನ ಕಥೆ ಹೇಳುತ್ತೇವೆ ಅಂದಿದ್ದೆವು. ನಾವು ನೋಡಿ ಬಂದ ಹದಿನೈದು ದಿನದೊಳಗೆ ಒಂದು ಸಂಜೆ ಅಡ್ಡಗಾಳಿ, ಗುಡುಗು, ಆಲಿಕಲ್ಲು. ಗಾಜಿನ ಎಳೆ ಮಿಂಚನ್ನು ತರುವುದಿಲ್ಲ, ಅದು ಗಾಜು. ಆದರೆ ಪೆಟ್ಟಿಗೆಗೆ ಕರೆಂಟ್ ಕೊಡುವ ತಂತಿ ತರುತ್ತದೆ, ಮಾಡಿನ ಮೇಲಿನ ಸೋಲಾರ್ ಹಲಗೆಯ ತಂತಿಯೂ ತರುತ್ತದೆ. ನೆಲಕ್ಕಿಳಿಯಲು ದಾರಿ ಇಲ್ಲದ ಮಿಂಚು ಕಿಟಕಿಯ ಸರಳಿನ ತನಕ ಬಂದು ಏನು ಮಾಡೀತು? ಪೆಟ್ಟಿಗೆ ಸುಟ್ಟಿತು. ಪಕ್ಕದ ಕೋಣೆಯ ಕಂಪ್ಯೂಟರೂ ಹೋಯಿತು. ಸಂಜೆಯಾದ್ದರಿಂದ ಕಂಪ್ಯೂಟರ್ ಮುಂದೆ ಯಾರೂ ಇರಲಿಲ್ಲ. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ದಿನಾ ಸಂಜೆ ಮುದುಕರು ಕೂಡುತ್ತಾರೆ. ಅವತ್ತು ಆಲಿಕಲ್ಲಿಗೆ ಹೆದರಿ ಗುಡಿಯೊಳಗೆ ಹೋಗಿದ್ದರು. ಇಷ್ಟೇ. ನಾವು ಸಾವಿನ ಸುದ್ದಿ ಬರೆಯದೆ ಉಳಿದದ್ದು ಆಲಿಕಲ್ಲಿನ ದಯೆಯಿಂದ.

ಹೊಸ ಪೆಟ್ಟಿಗೆ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಮಗಳ ಮದುವೆಗೆ ಸಾಲ ತೆಗೆಯಲು ಮನೆಯ ಉತಾರ ಬೇಕಿದ್ದ ಒಬ್ಬರು ಪಂಚಾಯ್ತಿಗೆ ಆರು ಸಲ ಬಂದು ಹೋದರು. ಕೊನೆಗೆ ಕೈಗಡ ತೆಗೆದರು, ತಿಂಗಳಿಗೆ ನೂರಕ್ಕೆ ಐದರಂತೆ. ಆ ಬಡ್ಡಿಯನ್ನು ಯಾವ ಟೆಂಡರಿನ ಲೆಕ್ಕಕ್ಕೆ ಹಾಕಬೇಕು?

ನಮಗೆ ಬರುವ ಉತ್ತರಗಳೂ ಗೊತ್ತು. ಎಲ್ಲ ನಿಯಮ ಹಿಡಿದು ಕೂತರೆ ಕೆಲಸ ಮುಗಿಯುವುದೇ ಇಲ್ಲ, ಹಳ್ಳಿಗೆ ಇಂಟರ್ನೆಟ್ ಬರುವುದೇ ಇಲ್ಲ ಅನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಒಪ್ಪುತ್ತೇವೆ. ಗಡುವು ಮೀರಿದ ಯೋಜನೆಗಳನ್ನು ಟೀಕಿಸಿ ಬರೆದವರು ನಾವೇ. ಆದರೆ ಒಂದು ಅರ್ಥಿಂಗ್ ಗುಂಡಿಗೆ ಬೇಕಾಗುವುದು ಒಂದು ದಿನದ ಕೆಲಸ. ಪೆಟ್ಟಿಗೆ ಸುಟ್ಟ ಮೇಲೆ ಹೊಸದು ಬರಲು ಹಿಡಿದದ್ದು ಮೂರು ವಾರ. ಯಾವುದು ತಡ?

ಇನ್ನು ಕೆಲವರು ಊರವರದೇ ತಪ್ಪು ಅನ್ನುತ್ತಾರೆ. ಬ್ಯಾಟರಿ ಕದಿಯುವವರು ಯಾರು? ಯುಪಿಎಸ್‌ನ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕುವವರು ಯಾರು? ರ್‍ಯಾಕಿನ ಮೇಲೆ ಗಣಪತಿ ಸಾಮಾನು ಪೇರಿಸಿ ಗಾಳಿ ಕಿಂಡಿ ಮುಚ್ಚುವವರು ಯಾರು? ಇದೂ ನಿಜ, ನಾವು ಕಣ್ಣಾರೆ ಕಂಡಿದ್ದೇವೆ. ಸೀಸದ ಬ್ಯಾಟರಿ 25 ಡಿಗ್ರಿಯಲ್ಲಿ ಇರಲು ಮಾಡಿದ್ದು. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಸುಮಾರು ಅರ್ಧ ಆಗುತ್ತದೆ. ತಗಡಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಮೇಲೆ ಚಾಪೆ ಪೇರಿಸಿದರೆ ಅದು ಉಬ್ಬಿ ಸಾಯದೆ ಏನು ಮಾಡೀತು. ಚಾರ್ಜ್ ಆಗುವಾಗ ಅದರಿಂದ ಜಲಜನಕ ಹೊರಬೀಳುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಆದರೆ ಒಂದು ಕಿಡಿ ಸಾಕು. ಸೀಲ್ ಮಾಡಿದ ಬ್ಯಾಟರಿಯಾದರೂ ಕಾವು ಹೆಚ್ಚಾದರೆ ಗಾಳಿ ಬಿಡುತ್ತದೆ. ಆ ಕೋಣೆಯಲ್ಲಿ ಊದುಬತ್ತಿ ಹಚ್ಚಿ ಯಂತ್ರಕ್ಕೆ ಪೂಜೆ ಮಾಡಿದ್ದನ್ನೂ ನೋಡಿದ್ದೇವೆ. ಪೂಜೆ ಬೇಡ ಅನ್ನುವುದಿಲ್ಲ, ಕಿಟಕಿ ತೆರೆದು ಹೊರಗಿನಿಂದ ಮಾಡಿ. ಆದರೆ ಇದನ್ನೆಲ್ಲ ಊರವರಿಗೆ ಹೇಳಬೇಕಾದವರು ಯಾರು? ಕೋಣೆಯ ಬಾಗಿಲಿಗೆ ಕನ್ನಡದಲ್ಲಿ ಹತ್ತು ಸಾಲು ಬರೆದು ಅಂಟಿಸಿದ್ದನ್ನು ನಾವು ಒಂದು ಕಡೆಯೂ ನೋಡಲಿಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಮಾತ್ರ ಹದಿನಾಲ್ಕು ಹೆಸರು, ಎಲ್ಲ ಅಚ್ಚ ಕನ್ನಡದಲ್ಲಿ.

ನಮ್ಮ ತಪ್ಪನ್ನೂ ಹೇಳದಿದ್ದರೆ ಈ ಬರಹಕ್ಕೆ ಮುಖವಿಲ್ಲ. ಆ ಪಂಚಾಯ್ತಿಯಲ್ಲಿ ರಿಬ್ಬನ್ ಕತ್ತರಿಸಿದ ದಿನ ನಮ್ಮಲ್ಲೇ ಒಬ್ಬರು ಹೋಗಿದ್ದರು. ಶಾಮಿಯಾನ ಇತ್ತು, ಉಪ್ಪಿಟ್ಟು-ಶಿರಾ ಇತ್ತು, ಶಾಲು-ಹಾರ ಇತ್ತು. “ಗ್ರಾಮಕ್ಕೆ ವೇಗದ ಇಂಟರ್ನೆಟ್” ಅಂತ ಎರಡು ಕಾಲಂ ಸುದ್ದಿ, ಫೋಟೊ ಸಮೇತ. ಆ ಫೋಟೊ ಈಗ ದೊಡ್ಡದು ಮಾಡಿ ನೋಡಿದರೆ ಹಿಂದೆ ಕಿಟಕಿ ಕಾಣುತ್ತದೆ. ಹಸಿರು ತಂತಿಯೂ ಕಾಣುತ್ತದೆ. ಡಿಪ್ಲೊಮಾದಲ್ಲಿ ನಮಗೆ ಐದು ಪ್ರಶ್ನೆ ಕೇಳಲು ಕಲಿಸಿದರು, ಯಾರು, ಏನು, ಎಲ್ಲಿ, ಯಾವಾಗ, ಏಕೆ ಅಂತ. ತಂತಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಲು ಕಲಿಸಲಿಲ್ಲ, ನಾವೂ ಕಲಿಯಲಿಲ್ಲ.

ಹುಡುಗರ ವಿಷಯದಲ್ಲಿ ಕಾನೂನು ಏನನ್ನುತ್ತದೆ ಎಂಬುದು ಚಿಕ್ಕದಾಗಿ ಹೀಗಿದೆ. ಗುತ್ತಿಗೆಯ ಕೆಳಗೆ ಉಪಗುತ್ತಿಗೆ, ಅದರ ಕೆಳಗೆ ಇನ್ನೊಂದು, ಕೊನೆಯಲ್ಲಿ ಗಾಯವಾದವನಿಗೆ ಮಾಲೀಕ ಯಾರು ಅಂತಲೇ ಗೊತ್ತಿರುವುದಿಲ್ಲ. ಆದರೆ ಬ್ರಿಟಿಷರ ಕಾಲದ 1923ರ ಪರಿಹಾರ ಕಾಯ್ದೆಯ 12ನೇ ಕಲಮಿನಲ್ಲೇ, ಗುತ್ತಿಗೆದಾರನ ಆಳಿಗೆ ಕೆಲಸದಲ್ಲಿ ಪೆಟ್ಟಾದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೂ ಪರಿಹಾರಕ್ಕೆ ಹೊಣೆ ಎಂಬ ಮಾತಿತ್ತು. ನೂರು ವರ್ಷ ಹಳೆಯ ಮಾತು ಅದು. ಸುಟ್ಟ ಬೆರಳಿನ ಹುಡುಗನಿಗೆ ಇದು ಗೊತ್ತೇ ಇರಲಿಲ್ಲ. ಸುಟ್ಟ ದಿನ ಅವನ ಕೈಗೆ ಸಿಕ್ಕಿದ್ದು ಬರ್ನಾಲ್ ಟ್ಯೂಬು, ಮರುದಿನ ಎರಡು ಸೈಟು.

ಕಣ್ಣಿನ ವಿಷಯ ಇನ್ನೂ ಯಾರೂ ಅವನಿಗೆ ಹೇಳಿರಲಿಲ್ಲ. ಗಾಜಿನ ಎಳೆಯಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅವಗೆಂಪು ಬೆಳಕು. ತುದಿಯನ್ನು ಕಣ್ಣ ಹತ್ತಿರ ಹಿಡಿದು “ಬೆಳಕು ಬರ್ತದೇನು” ಅಂತ ನೋಡುವುದು ಹಲವರ ರೂಢಿ. ಬಂದರೂ ಕಾಣುವುದಿಲ್ಲ, ಕಾಣದಿದ್ದರೂ ಕಣ್ಣೊಳಗೆ ಹೋಗುತ್ತದೆ. ಕತ್ತರಿಸಿದ ಎಳೆಯ ಚೂರು ಕೂದಲಿನಷ್ಟು ಸಣ್ಣ ಗಾಜಿನ ಮುಳ್ಳು. ಅದನ್ನು ಪಂಚಾಯ್ತಿ ಅಂಗಳದಲ್ಲಿ ಝಾಡಿಸಿ ಹೋಗುತ್ತಾರೆ, ಅಲ್ಲೇ ಅಂಗನವಾಡಿಯ ಮಕ್ಕಳು ಬರಿಗಾಲಲ್ಲಿ ಆಡುತ್ತವೆ.

ಹಾಗಾದರೆ ಊರಿನವರು ಏನು ಮಾಡಬಹುದು? ದೊಡ್ಡ ಹೋರಾಟವೇನೂ ಬೇಕಿಲ್ಲ. ನಿಮ್ಮ ಪಂಚಾಯ್ತಿಗೆ ಹೊಸ ಪೆಟ್ಟಿಗೆ ಬರುವ ಮೊದಲು ಒಂದು ಗ್ರಾಮಸಭೆ ಇದ್ದೇ ಇರುತ್ತದೆ. ಅಲ್ಲಿ ಎದ್ದು ನಿಂತು, ಅರ್ಥಿಂಗ್ ಅಳೆದ ಅಂಕಿ ಎಷ್ಟು ಓಮ್, ಅಳೆದ ತಾರೀಕು ಯಾವುದು ಅಂತ ಕೇಳಿ. ಅಂಕಿ ಮತ್ತು ತಾರೀಕನ್ನು ಕೋಣೆಯ ಗೋಡೆ ಮೇಲೆ ಬಣ್ಣದಲ್ಲಿ ಬರೆಯಲು ಹೇಳಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಯಾರ್ಡುಗಳಲ್ಲಿ ಹಾಗೆ ಬರೆಯುವ ಪದ್ಧತಿ ಮೊದಲಿನಿಂದಲೂ ಇದೆ, ಹೊಸದೇನೂ ಕೇಳುತ್ತಿಲ್ಲ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಹಚ್ಚಿ ಅದೇ ಪ್ರಶ್ನೆ ಬರೆದು ಕೊಡಿ. ಕೆಲಸ ಮುಗಿದಿದೆ ಎಂಬ ಕಾಗದಕ್ಕೆ ಪಂಚಾಯ್ತಿಯ ಸಹಿ ಕೇಳಿದಾಗ ಪಿಡಿಒ ಸಾಹೇಬರು ಕೋಣೆಯ ಹಿಂದೆ ಹೋಗಿ, ಹಸಿರು ತಂತಿ ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಂದ ನೋಡಿ ಆಮೇಲೆ ಸಹಿ ಹಾಕಲಿ. ಒಂದು ಸಹಿ ತಡೆದರೆ ಬಿಲ್ ತಡೆಯುತ್ತದೆ. ಬಿಲ್ ತಡೆದರೆ ಗುಂಡಿ ತೋಡುವವರು ಅದೇ ದಿನ ಬರುತ್ತಾರೆ, ನಮ್ಮ ಅನುಭವ.

ಕೂಡಿಸಲು ಒಬ್ಬನೇ ಬಂದರೆ ವಾಪಸು ಕಳಿಸಿ, ಅವನ ಒಳ್ಳೆಯದಕ್ಕೇ. ಭಾರದ ರ್‍ಯಾಕು, ಬ್ಯಾಟರಿ ಎತ್ತಲು ಇಬ್ಬರು ಬೇಕು. ಒಬ್ಬನಿಗೆ ಕರೆಂಟ್ ತಾಗಿದರೆ ಮೇನ್ ಆಫ್ ಮಾಡಲು ಇನ್ನೊಬ್ಬ ಬೇಕು. ಯಂತ್ರಕ್ಕೆ ಎರಡು ಕಡೆಯಿಂದ ಕರೆಂಟ್ ಬರುತ್ತಿದ್ದರೆ ಎರಡನ್ನೂ ಬಂದ್ ಮಾಡದೆ ಕೈ ಹಾಕಬಾರದು, ಒಂದನ್ನು ತೆಗೆದು “ಆಫ್ ಆಯ್ತು” ಅಂದುಕೊಂಡವರೇ ಹೊಡೆತ ತಿನ್ನುವುದು. ಮತ್ತು ಆ ಹುಡುಗನಿಗೆ ಒಂದು ಚಹಾ ಕೊಟ್ಟು, ಬೂಟು ಯಾಕಿಲ್ಲ ಅಂತ ಕೇಳಿ. ಅವನ ಗುತ್ತಿಗೆದಾರನ ನಂಬರ್ ಬರೆದಿಟ್ಟುಕೊಳ್ಳಿ.

“ಹಳ್ಳಿಗೆ ಇಷ್ಟ ಸಾಕು” ಅಂದ ಆ ಸದಸ್ಯರನ್ನು ಪೆಟ್ಟಿಗೆ ಸುಟ್ಟ ಮೇಲೆ ಮತ್ತೆ ಭೇಟಿಯಾದೆವು. ಸಿಟ್ಟಾಗಲಿಲ್ಲ ಅವರು. ಕಿತ್ತೂರಿನ ಕಥೆ ಹೇಳಿದೆವು, ಕೇಳಿಸಿಕೊಂಡರು. ಅವರ ಅಜ್ಜನ ಕಾಲದಲ್ಲಿ ಎತ್ತಿನ ವ್ಯಾಪಾರಕ್ಕೆ ಕಿತ್ತೂರಿನ ಕಡೆ ಹೋಗುತ್ತಿದ್ದರಂತೆ. “ನಮ್ಮ ಕಡೀನ ಮೊದಲ ಬಂದಿತ್ತಾ ಅದು?” ಅಂತ ಎರಡು ಸಲ ಕೇಳಿದರು.

ಮೊನ್ನೆ ಅವರಿಗೆ ಫೋನ್ ಮಾಡಿದ್ದೆವು. ಗುಂಡಿ ತೋಡಿ ಆಗಿದೆಯಂತೆ, ಇದ್ದಿಲು ಉಪ್ಪು ಬಂದಿದೆಯಂತೆ. ತಾಮ್ರದ ಪಟ್ಟಿ ಇನ್ನೂ ಬರಬೇಕು. ಅಲ್ಲಿಯ ತನಕ ಮೋಡ ಕಂಡ ಕೂಡಲೇ ಪಂಚಾಯ್ತಿಯ ಸಿಪಾಯಿ ಓಡಿ ಹೋಗಿ ಮೇನ್ ಬಂದ್ ಮಾಡುತ್ತಾನೆ.